ಪಾಠ ಕೇಳಲು ಆಂಟೆನಾಪಾಡ್: ಆ್ಯಪ್ ಚಲೋ ಐತಿ, ವಹಿ ಮಾತ್ರ ಬಿಡಬ್ಯಾಡ್ರಿ

ಹುಬ್ಬಳ್ಳಿಯಿಂದ ಚಿಗರಿ ಬಸ್ ಹತ್ತಿ ದಿನಾ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಓಡಾಡುವ ಪಿ.ಜಿ. ವಿದ್ಯಾರ್ಥಿಗಳಿಗೆ ನಿಂತೇ ಕೇಳಬಹುದಾದ ಪಾಠ ಬೇಕು. ಅದಕ್ಕೆ ಆಂಡ್ರಾಯ್ಡ್‌ನಲ್ಲಿ ನಮ್ಮ ಮತ ಪಾಡ್‌ಕಾಸ್ಟ್ (ಕಂತುಗಳಲ್ಲಿ ಬರುವ ಧ್ವನಿ ಕಾರ್ಯಕ್ರಮ) ಕೇಳಿಸುವ ಆಂಟೆನಾಪಾಡ್‌ ಆ್ಯಪ್‌ಗೆ. ಪುಕ್ಕಟೆ, ಖಾತೆ ತೆರೆಯಬೇಕಿಲ್ಲ, ಆ್ಯಪ್ ತನ್ನದೇ ಜಾಹೀರಾತು ತುರುಕುವುದಿಲ್ಲ. ಐಫೋನ್‌ಗೆ ಸಿಗುವುದಿಲ್ಲ.

ಕಾಲೇಜಿನ ಕೆಲಸಕ್ಕೆ ಬಹಳ ಒದಗುವುದು ಲೋಕಲ್ ಫೋಲ್ಡರ್ ಸೌಲಭ್ಯ. ಸರ್ ವಾಟ್ಸಾಪ್ ಗ್ರೂಪಿಗೆ ಹಾಕಿದ ಎಂಪಿ3 ಪಾಠಗಳನ್ನೆಲ್ಲ ಫೋನಿನ ಒಂದು ಫೋಲ್ಡರಿಗೆ ಸೇರಿಸಿ, ಪಾಡ್‌ಕಾಸ್ಟ್ ಸೇರಿಸುವ ಪುಟದಲ್ಲಿ ಆ ಫೋಲ್ಡರ್ ತೋರಿಸಿದರೆ ಸಾಕು, ಅದೂ ಒಂದು ಪಾಡ್‌ಕಾಸ್ಟ್ ಆಗುತ್ತದೆ. ಬಿಟ್ಟಲ್ಲಿಂದಲೇ ಮುಂದೆ ಕೇಳಬಹುದು. ಎಡವಟ್ಟಾಗುವುದು ಹೆಸರಿಡುವಲ್ಲಿ. 1, 2, 10 ಎಂದಿಟ್ಟರೆ ಅಕ್ಷರಕ್ರಮದಲ್ಲಿ 1ರ ಬೆನ್ನಿಗೇ 10 ಬಂದು ಕೂತೀತು. 01, 02 ಎಂದಿಡಿ. ಎಂಪಿ3 ಒಳಗಿನ ಶೀರ್ಷಿಕೆಯಲ್ಲೂ ಅದೇ ಅಂಕಿ ಇರಲಿ. ರೆಕಾರ್ಡ್ ಮಾಡುವ ಅಧ್ಯಾಪಕರು 64 ಕೆಬಿಪಿಎಸ್ (ಸೆಕೆಂಡಿಗೆ 64 ಕಿಲೋಬಿಟ್) ಮೋನೊದಲ್ಲಿ, ಅಂದರೆ ಒಂದೇ ಧ್ವನಿ ಚಾನೆಲ್‌ನಲ್ಲಿ, ಉಳಿಸಿದರೆ 20 ನಿಮಿಷದ ಪಾಠ 10 ಎಂಬಿ ಒಳಗೇ ಮುಗಿಯುತ್ತದೆ. 128ಕ್ಕೆ ಏರಿಸಿದರೆ ಗಾತ್ರ ಇಮ್ಮಡಿ. ಬರೀ ಮಾತಿಗೆ ಅಷ್ಟು ಬೇಕಿಲ್ಲ.

ವೇಗವನ್ನು ಒಂದೊಂದು ಪಾಡ್‌ಕಾಸ್ಟಿಗೂ ಬೇರೆಬೇರೆ ಹೊಂದಿಸಬಹುದು. ಕನ್ನಡದ ಉಪನ್ಯಾಸಕ್ಕೆ 1.25 ನಡೆಯುತ್ತದೆ, ಹೊಸ ಪಾರಿಭಾಷಿಕ ಪದ ತುಂಬಿದ ಇಂಗ್ಲಿಷ್ ಪಾಠಕ್ಕೆ 1 ದಾಟಬೇಡಿ. ಮೌನ ಹಾರಿಸುವ ಆಯ್ಕೆಯನ್ನು ಸಂಗೀತ ವಿಭಾಗದವರು ಮುಟ್ಟದಿರುವುದು ಲೇಸು: ಹಿಂದುಸ್ತಾನಿ ಗಾಯನದ ಖಯಾಲಿನ ನಡುವಿನ ಬಿಡುವೂ ಪಾಠವೇ. ವೇಗ ಹೆಚ್ಚಿಸಿದಾಗ ಶ್ರುತಿ ಏರುವುದಿಲ್ಲ ನಿಜ, ಆದರೆ ಲಯ ಬೇರೆಯಾಗುತ್ತದೆ. ಧಾರವಾಡದಲ್ಲಿ ಇದನ್ನು ಬಿಡಿಸಿ ಹೇಳಬೇಕಿಲ್ಲ!

ರಾತ್ರಿ ವೈಫೈನಲ್ಲಿ ತಾನಾಗಿ ಡೌನ್‌ಲೋಡ್ ಆಗಲೆಂದು ಹಚ್ಚಿಟ್ಟರೂ ಬೆಳಿಗ್ಗೆ ಏನೂ ಇಳಿದಿರದಿದ್ದರೆ ಆ್ಯಪ್‌ಗೆ ಬೈಯುವ ಮುಂಚೆ ಫೋನಿನ ಬ್ಯಾಟರಿ ಸೆಟ್ಟಿಂಗ್ ನೋಡಿ. ಚಾರ್ಜ್ ಉಳಿಸಲು ಫೋನೇ ಹಿನ್ನೆಲೆ ಕೆಲಸ ನಿಲ್ಲಿಸಿರುತ್ತದೆ. ಆಂಟೆನಾಪಾಡ್‌ಗೆ ಆ ನಿರ್ಬಂಧ ತೆಗೆಯಿರಿ. ಸ್ಪಾಟಿಫೈಯಲ್ಲಷ್ಟೇ ಇರುವ ಕಾರ್ಯಕ್ರಮ ಇಲ್ಲಿ ಸಿಗದು, ಅದಕ್ಕೆ ಹೊಸ ಕಂತುಗಳನ್ನು ಆ್ಯಪ್‌ಗಳಿಗೆ ತಲುಪಿಸುವ ಸಾರ್ವಜನಿಕ ಆರ್‌ಎಸ್‌ಎಸ್ ವಿಳಾಸವೇ ಇರುವುದಿಲ್ಲ.

ದೊಡ್ಡ ಕೊರತೆಯೆಂದರೆ, ಕೇಳುತ್ತ ಟಿಪ್ಪಣಿ ಬರೆಯಲು ಜಾಗವಿಲ್ಲ. ಎಪಿಸೋಡ್ ಹಂಚುವಾಗ ನಿಮಿಷ-ಸೆಕೆಂಡ್ ಸೇರಿಸಿ ವಾಟ್ಸಾಪಿನಲ್ಲಿ ನಿಮಗೇ ಕಳಿಸಿಕೊಳ್ಳಬಹುದು, ಆದರೆ ಲೋಕಲ್ ಫೋಲ್ಡರ್ ಪಾಠಗಳಿಗೆ ವಹಿಯೇ ಗತಿ. ಸಮೀಕರಣ, ರೇಖಾಚಿತ್ರದ ಪಾಠಗಳಿಗಂತೂ ಕಿವಿಯೊಂದೇ ಸಾಲದು.

ಫೋನ್ ಬದಲಿಸುವಾಗ ಒಪಿಎಂಎಲ್ ಕಡತ (ಚಂದಾ ಆದ ಪಾಡ್‌ಕಾಸ್ಟ್‌ಗಳ ಪಟ್ಟಿ ಇರುವ ಫೈಲ್) ಮಾತ್ರ ತೆಗೆದಿಟ್ಟರೆ ಚಂದಾ ಪಟ್ಟಿಯಷ್ಟೇ ಹೊಸ ಫೋನಿಗೆ ಬರುತ್ತದೆ. ಎಲ್ಲಿಯವರೆಗೆ ಕೇಳಿದ್ದೀರಿ ಎಂಬ ಲೆಕ್ಕವೂ ಬೇಕಿದ್ದರೆ ಆ್ಯಪ್‌ನ ಡೇಟಾಬೇಸ್ ರಫ್ತು (ಎಕ್ಸ್‌ಪೋರ್ಟ್) ಮಾಡಿ. ಪಾಠದ ಎಂಪಿ3ಗಳು ಅದರಲ್ಲಿ ಬರುವುದಿಲ್ಲ, ಬೇರೆಯಾಗಿ ನಕಲು ಮಾಡಿಕೊಳ್ಳಿ.