ಹಿತ್ತಲ ಹಕ್ಕಿಗಳಿಗೆ 8×42 ಬೈನಾಕ್ಯುಲರ್: ಮೂರು ತಿಂಗಳು ಬಳಸಿದ ಮೇಲೆ

ಡಿಸೆಂಬರ್‌ನಲ್ಲಿ ಆನ್‌ಲೈನ್ ತರಿಸಿದ್ದು. 8,200 ರೂಪಾಯಿ ಬಿತ್ತು. ಶಿರಸಿ ಹತ್ತಿರ ನಮ್ಮ ಮನೆಯ ಹಿತ್ತಲು, ಅದರಾಚೆ ಅಡಿಕೆ ತೋಟ, ನಾನು ಹಕ್ಕಿ ನೋಡೋದು ಇಷ್ಟರಲ್ಲೇ. ಅಷ್ಟಕ್ಕೆ ಇದು ಕೊಟ್ಟ ದುಡ್ಡಿಗೆ ಮೋಸವಿಲ್ಲ.

ಕೊಳ್ಳುವಾಗ ಎಲ್ಲರೂ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಅಂತ ಕೇಳುತ್ತಾರೆ, 8×42ರಲ್ಲಿ ಮೊದಲಿನ 8 ಅದೇ. ಹಿತ್ತಲಿಗೆ ಬೇಕಾದದ್ದು ಅದಲ್ಲ, ಎಷ್ಟು ಹತ್ತಿರದ್ದು ಸ್ಪಷ್ಟ ಕಾಣುತ್ತದೆ ಅನ್ನೋದು. ನನ್ನ ಹಳೆಯ 10×50ರಲ್ಲಿ ಬಾವಿಕಟ್ಟೆ ಮೇಲಿನ ಹಕ್ಕಿ ಬರೀ ಮಬ್ಬು. ನಾನು ಹಿಂದೆ ಸರಿದು ಸರಿದು ನೋಡುವಷ್ಟರಲ್ಲಿ ಅದು ಹಾರಿರುತ್ತಿತ್ತು. ಇದು ಎರಡು ಮೀಟರ್ ದೂರದ್ದನ್ನೂ ಹಿಡಿಯುತ್ತದೆ.

ಮಡಿವಾಳ ಹಕ್ಕಿ ಚಳಿಗಾಲದಲ್ಲಿ ಹೆಚ್ಚೆಂದರೆ ಚರ್ರ್ ಅನ್ನುತ್ತಿತ್ತು. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಯಿತು ನೋಡಿ, ಬೆಳಿಗ್ಗೆ ಬೆಳಿಗ್ಗೆ ತೆಂಗಿನ ಗರಿ ತುದಿಯಲ್ಲಿ ಕೂತು ಒಂದೇ ಸಮನೆ ಹಾಡಲು ಶುರು ಮಾಡಿತು. ಮೊನ್ನೆ ಅದು ಕಲ್ಲಿನ ಮರಿಗೆಗೆ ನೀರಿಗೆ ಬಂದಾಗ ಜಗುಲಿಯಿಂದಲೇ ನೋಡಿದೆ. ಕೊಕ್ಕಿನ ತುದಿಯಲ್ಲಿ ಒಂದು ಹನಿ. ಎದೆ ಬರೀ ಕಪ್ಪಲ್ಲ, ಬಿಸಿಲು ಬಿದ್ದಾಗ ಕಡುನೀಲಿ ಮಿರುಗು. ಇಷ್ಟು ವರ್ಷ ದಿನಾ ನೋಡುತ್ತಿದ್ದ ಹಕ್ಕಿ ಅದು, ಆ ನೀಲಿ ನನಗೆ ಗೊತ್ತೇ ಇರಲಿಲ್ಲ.

ತೋಟದೊಳಗೆ ಬೆಳಕು ಕಮ್ಮಿ ಅಲ್ವಾ, ಅಲ್ಲಿ 42 ಕೆಲಸಕ್ಕೆ ಬರುತ್ತದೆ. ಅದು ಮುಂದಿನ ಗಾಜಿನ ಅಗಲ, ಮಿಲಿಮೀಟರ್ ಲೆಕ್ಕದಲ್ಲಿ. 8ರಿಂದ ಭಾಗಿಸಿದರೆ 5.25, ಕಣ್ಣಿಗೆ ಬರುವ ಬೆಳಕಿನ ಬಿಲ್ಲೆ ಅಷ್ಟು ಅಗಲ. ಜೇಬಿನಲ್ಲಿ ಇಡುವ 8×25ರಲ್ಲಿ 3ರ ಸುಮಾರು. ಚಳಿಗಾಲ ಕಳೆಯಲು ಉತ್ತರದಿಂದ ಬರುವ ನವರಂಗ ಹಕ್ಕಿ ಮುಂಜಾನೆಯ ಮಬ್ಬಿನಲ್ಲಿ ದರಕು (ಉದುರಿದ ಒಣ ಎಲೆ) ಕೆದಕುತ್ತಿದ್ದಾಗ, ಅದರ ಬಾಲದಡಿಯ ಕೆಂಪು ಕೂಡ ಇದರಲ್ಲಿ ಕಂಡಿತು.

ಕೊರತೆಯೂ ಇದೆ. ಫೋಕಸ್ ಚಕ್ರ ಬಿಗಿ, ಚಳಿಯಲ್ಲಿ ಇನ್ನೂ ಬಿಗಿ. ಪಟ್ಟಿ ಕುತ್ತಿಗೆಗೆ ಉಜ್ಜುತ್ತದೆ, ನಾನು ಬೇರೆ ಹಾಕಿಸಿದೆ. ಹಳೆಯದಕ್ಕೆ ಒಂದೇ ಮಳೆಗಾಲದಲ್ಲಿ ಗಾಜಿನೊಳಗೆ ಬೂಸ್ಟು ಹಿಡಿದಿತ್ತು, ಮಾರಿದವರು ವಾರಂಟಿಗೆ ಬರಲ್ಲ ಅಂದುಬಿಟ್ಟರು. ಇದರೊಳಗೆ ನೈಟ್ರೋಜನ್ ತುಂಬಿ ಮುಚ್ಚಿದ್ದಾರೆ, ಹಾಗಾಗಿ ಒಳಗೆ ತೇವ ಕೂರಬಾರದು. ಆದರೂ ನಾನು ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಡಬ್ಬಿಯಲ್ಲೇ ಇಡುತ್ತೇನೆ. ಮಲೆನಾಡಿನವರು ನೈಟ್ರೋಜನ್ ತುಂಬಿಲ್ಲದ್ದನ್ನು ಕೊಳ್ಳಲೇಬೇಡಿ.

ತಗೊಳ್ಳುವುದಿದ್ದರೆ ಈಗಲೇ ತಗೊಳ್ಳಿ. ಏಪ್ರಿಲ್ ಕಳೆದರೆ ನವರಂಗ ಹೊರಟುಬಿಡುತ್ತದೆ.