ಎಡಗಾಲಿಗೆ ಕೊಬ್ಬರಿ ಎಣ್ಣೆ, ಬಲಗಾಲಿಗೆ ವ್ಯಾಸಲೀನ್

ನನ್ನ ಮಗಳಿಗೆ ಆರು ವರ್ಷ. ಎರಡೂ ಮೊಣಕಾಲಿನ ಹಿಂದಿನ ಮಡಿಕೆಯಲ್ಲಿ ಇಸುಬು. ದಾವಣಗೆರೆಯಲ್ಲಿ ಚಳಿ ಶುರುವಾಗಿ ಗಾಳಿ ಒಣಗಿದರೆ ಸಾಕು, ಚರ್ಮ ಕೆಂಪಾಗಿ ಬಿರಿಯುತ್ತದೆ. ಬೆಳಗ್ಗೆ ಹಾಸಿಗೆ ಮೇಲೆ ಸಾಸಿವೆ ಕಾಳಿನಷ್ಟು ರಕ್ತದ ಚುಕ್ಕೆ ಕಂಡರೆ, ರಾತ್ರಿಯೆಲ್ಲ ಕೆರೆದುಕೊಂಡಿದ್ದಾಳೆ ಅಂತ ಗೊತ್ತಾಗುತ್ತದೆ. ಆ ಚುಕ್ಕೆ ನೋಡಿದ ದಿನ ನನಗೆ ಊಟ ಸೇರುವುದಿಲ್ಲ.

ಮೊದಲು ಮಾಡಿದ್ದು ಬೇವು. ಚಳ್ಳಕೆರೆಯಿಂದ ಬಂದಿದ್ದ ಅತ್ತೆ, "ಬೇವಿನ ಸೊಪ್ಪು, ಅರಿಶಿನ ಅರೆದು ಹಚ್ಚವ್ವಾ, ವಾರದಾಗ ಆರಾಮ ಆಗ್ತೈತಿ" ಅಂದರು. ಹಚ್ಚಿದೆ. ಒಣಗುತ್ತಾ ಬಂದ ಹಾಗೆ ಲೇಪ ಬಿಗಿದುಕೊಂಡು ಮಗು ಕಾಲು ಮಡಿಸಲಾಗದೆ ಅತ್ತಳು. ಮೂರನೇ ದಿನಕ್ಕೆ ಬಿಟ್ಟೆ. ಇಸುಬಿನ ಚರ್ಮಕ್ಕೆ ತೇವ ಹಿಡಿದಿಟ್ಟುಕೊಳ್ಳುವ ಶಕ್ತಿಯೇ ಕಡಿಮೆ. ಅದರ ಮೇಲೆ ಇನ್ನಷ್ಟು ಒಣಗಿಸುವ ಲೇಪ ಹಾಕಿದ್ದು ನನ್ನದೇ ತಪ್ಪು.

ಅತ್ತೆ ಜೊತೆಗೆ ಗಾಣದ ಶೇಂಗಾ ಎಣ್ಣೆಯನ್ನೂ ತಂದಿದ್ದರು. ಚಳ್ಳಕೆರೆ ಎಣ್ಣೆಗೆ ಹೆಸರಾದ ಊರು, ಪ್ರೀತಿಯಿಂದಲೇ ತಂದಿದ್ದು. ಆದರೆ ಚರ್ಮದ ಡಾಕ್ಟರ್ ಬೇಡವೇ ಬೇಡ ಅಂದರು. ಗಾಣದ ಎಣ್ಣೆಯಲ್ಲಿ ಶೇಂಗಾದ ಪ್ರೋಟೀನ್ ಉಳಿದಿರುತ್ತದೆ. ಬಿರಿದ ಚರ್ಮದ ಮೂಲಕ ಅದು ಒಳಗೆ ಹೋದರೆ ಮುಂದೆ ಶೇಂಗಾ ಅಲರ್ಜಿ ಹತ್ತಿಕೊಳ್ಳಬಹುದಂತೆ. ಆ ಎಣ್ಣೆ ಒಗ್ಗರಣೆಗೆ ಹೋಯಿತು.

ಆಮೇಲೆ ಎರಡೇ ಉಳಿದವು. ಎರಡೂ ಕಾಲಿಗೆ ಒಂದೇ ಥರ ಇತ್ತಲ್ವಾ, ಹಾಗಾಗಿ ಎಡಗಾಲಿಗೆ ಕೊಬ್ಬರಿ ಎಣ್ಣೆ, ಬಲಗಾಲಿಗೆ ಬಿಳಿ ವ್ಯಾಸಲೀನ್ ಅಂತ ಎರಡು ವಾರ ಹಚ್ಚಿ ನೋಡಿದೆ.

ಕೊಬ್ಬರಿ ಎಣ್ಣೆ ಮಗುವಿಗೆ ಇಷ್ಟ. ಉರಿಯಲ್ಲ, ವಾಸನೆ ಹಿತ. ಚಳಿಗೆ ಗಟ್ಟಿಯಾಗುತ್ತದೆ, ಚಮಚದಲ್ಲಿ ಕೆರೆದು ಅಂಗೈಯಲ್ಲಿ ಉಜ್ಜಿದರೆ ಕರಗುತ್ತದೆ. ಆದರೆ ಬೇಗ ಇಂಗಿಬಿಡುತ್ತದೆ. ರಾತ್ರಿ ಒಂಬತ್ತಕ್ಕೆ ಹಚ್ಚಿದ್ದು ಬೆಳಗಿನ ಹೊತ್ತಿಗೆ ಮತ್ತೆ ಬಿಳಿ ಹೊಟ್ಟು ಹೊಟ್ಟು. ವ್ಯಾಸಲೀನ್ ಅಂಟು, ಪ್ಯಾಂಟಿಗೆಲ್ಲ ಮೆತ್ತಿಕೊಳ್ಳುತ್ತದೆ, ಅವಳಿಗೆ ಕಿರಿಕಿರಿ. ಆದರೂ ಬೆಳಗ್ಗೆ ಮುಟ್ಟಿದರೆ ಆ ಕಾಲಿನ ಮಡಿಕೆ ಮೆತ್ತಗೇ ಇರುತ್ತಿತ್ತು. ಎರಡನೇ ವಾರದ ಕೊನೆಗೆ ಬಲಗಾಲಿನಲ್ಲಿ ಹೊಸ ಉಗುರಿನ ಗೀರು ಇರಲಿಲ್ಲ. ಎಡಗಾಲಿನಲ್ಲಿ ಎರಡಿದ್ದವು. ಚಳಿಗಾಲದ ರಾತ್ರಿಗೆ ನನ್ನ ಓಟು ವ್ಯಾಸಲೀನಿಗೆ. ಶಿವರಾತ್ರಿ ಕಳೆದು ಬಿಸಿಲೇರಿದ ಮೇಲೆ ಅದರಡಿ ಬೆವರಿ ತುರಿಕೆ ಬಂತು, ಆಗ ಕೊಬ್ಬರಿ ಎಣ್ಣೆಯೇ ಸರಿ ಹೋಯಿತು.

ಇದಕ್ಕಿಂತ ಹೆಚ್ಚಿನ ವ್ಯತ್ಯಾಸ ಮಾಡಿದ್ದು ಹಚ್ಚುವ ಹೊತ್ತು. ಮೊದಲು ಸ್ನಾನ ಆಗಿ, ಬಟ್ಟೆ ಹಾಕಿ, ತಿಂಡಿ ತಿನ್ನಿಸಿ ಹಚ್ಚುತ್ತಿದ್ದೆ. ಈಗ ಟವೆಲಿನಿಂದ ಉಜ್ಜದೆ ಒತ್ತಿ ಒರೆಸಿ, ಮೈ ಇನ್ನೂ ಪಸೆ ಇರುವಾಗಲೇ ಹಚ್ಚುತ್ತೇನೆ. ಮೂರು ನಿಮಿಷದೊಳಗೆ ಅಂತ ಡಾಕ್ಟರ್ ಹೇಳಿದ್ದರು. ಅದೇ ಡಬ್ಬಿ, ಅದೇ ವ್ಯಾಸಲೀನ್, ಆದರೆ ಕೆಲಸ ಎಷ್ಟೋ ಪಾಲು ಜಾಸ್ತಿ.

ನೀರಿನ ವಿಷಯವೂ ಇದೆ. ನಮ್ಮ ಬೋರ್‌ವೆಲ್ ನೀರು ಗಡಸು. ಬಕೆಟ್ಟಿನ ಅಂಚಿಗೆ ಬಿಳಿ ಪೊರೆ ಕಟ್ಟುತ್ತದೆ, ಸೋಪು ನೊರೆ ಬಿಡುವುದಿಲ್ಲ, ನೊರೆ ಬರಲಿ ಅಂತ ಇನ್ನಷ್ಟು ಉಜ್ಜುತ್ತೇವೆ. ಚರ್ಮ ಇನ್ನೂ ಒಣಗುತ್ತದೆ. ಕಾರ್ಪೊರೇಷನ್ ನೀರು ಬಂದ ದಿನ ಅವಳ ಸ್ನಾನಕ್ಕೆಂದೇ ನಾಲ್ಕು ಕೊಡ ಎತ್ತಿಡುತ್ತೇನೆ. ಉಗುರುಬೆಚ್ಚಗಿನ ನೀರು, ಹತ್ತು ನಿಮಿಷದೊಳಗೆ ಸ್ನಾನ ಮುಗಿಯಬೇಕು. ಸೋಪಿನ ಬದಲು ಕಡಲೆ ಹಿಟ್ಟು ಹಾಕಿ ನೋಡಿದೆ, ತರಿತರಿಯಾಗಿ ಉಜ್ಜಿದಂತಾಗಿ ಕೆಂಪಾಯಿತು. ಒಂದು ಹಿಡಿ ಓಟ್ಸನ್ನು ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿ ಬಕೆಟ್ಟಿಗೆ ಕದಡಿದರೆ ನೀರು ಹಾಲಿನಂತಾಗುತ್ತದೆ. ಆ ನೀರು ಸುರಿದ ರಾತ್ರಿ ತುರಿಕೆ ಕಡಿಮೆ. ಬಚ್ಚಲು ಮಾತ್ರ ಜಾರುತ್ತದೆ, ಕೈ ಹಿಡಿದುಕೊಂಡೇ ಇರಿ.

ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತರುವ ಟ್ಯೂಬ್ ಹಚ್ಚಬೇಡಿ. ಎಷ್ಟೋ ಟ್ಯೂಬುಗಳಲ್ಲಿ ಜೋರಾದ ಸ್ಟಿರಾಯ್ಡ್ ಇರುತ್ತದೆ. ಅಂಚು ಉಬ್ಬಿ ಬಳೆಯಂತೆ ದುಂಡಗಿದ್ದರೆ ಅದು ಇಸುಬಲ್ಲ, ಹುಳಕಡ್ಡಿ ಇರಬಹುದು, ಸ್ಟಿರಾಯ್ಡ್ ಹಚ್ಚಿದರೆ ಹರಡುತ್ತದೆ. ಡಾಕ್ಟರ್ ನೋಡಿ, ಇಷ್ಟು ದಿನ ಅಂತ ಹೇಳಿ ಕೊಟ್ಟರೆ ಅದು ಬೇರೆ. ಜನವರಿಯಲ್ಲಿ ಒಮ್ಮೆ ಮಡಿಕೆಯಲ್ಲಿ ಹಳದಿ ಹಕ್ಕಳೆ ಕಟ್ಟಿ ಕೀವಾಡಿತ್ತು. ಮನೆಮದ್ದು ಅಂತ ಕಾಯಲಿಲ್ಲ, ಅವತ್ತೇ ಎತ್ತಿಕೊಂಡು ಹೋದೆ.