ಶೋಧಗಂಗಾ: ಕನ್ನಡ ಪ್ರಬಂಧ ಹುಡುಕುವವರಿಗೆ ಎಷ್ಟು ಉಪಯೋಗ?

ಪಿಎಚ್‌.ಡಿ. ಪ್ರಬಂಧವೆಂದರೆ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಬೀಗ ಹಾಕಿದ ಬೀರುವಿನ ಸೊತ್ತು ಎಂಬ ಸ್ಥಿತಿಯನ್ನು ಬದಲಿಸಿದ್ದು ಶೋಧಗಂಗಾ ಎಂಬ ಆನ್‌ಲೈನ್ ಪ್ರಬಂಧ ಭಂಡಾರ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2009ರ ನಿಯಮಾವಳಿ ಪ್ರಬಂಧದ ಇ-ಪ್ರತಿಯನ್ನು ಕಡ್ಡಾಯ ಮಾಡಿತು. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ಈ ಭಂಡಾರದಲ್ಲಿ ಈಗ 5 ಲಕ್ಷಕ್ಕೂ ಮಿಕ್ಕಿ ಪ್ರಬಂಧಗಳಿವೆ. ಓದಲು ಶುಲ್ಕವಿಲ್ಲ.

ಕನ್ನಡದ ವಿಷಯಕ್ಕೆ ಬಂದರೆ ಹುಡುಕಾಟವೇ ದೊಡ್ಡ ತಲೆನೋವು. ಬಹಳಷ್ಟು ಕನ್ನಡ ಪ್ರಬಂಧಗಳ ಶೀರ್ಷಿಕೆ ರೋಮನ್ ಲಿಪಿಯಲ್ಲಿ, ಅದೂ ಅಪ್‌ಲೋಡ್ ಮಾಡಿದವರಿಗೆ ತೋಚಿದ ಕಾಗುಣಿತದಲ್ಲಿ ದಾಖಲಾಗಿದೆ. 'ಸಾಹಿತ್ಯ' ಎಂಬ ಒಂದೇ ಪದಕ್ಕೆ ತ-ಕಾರದ ಮುಂದೆ ಎಚ್ ಹಚ್ಚಿಯೂ ಹಚ್ಚದೆಯೂ ಹುಡುಕಬೇಕು. ಅದಕ್ಕಿಂತ ವಿಶ್ವವಿದ್ಯಾಲಯ, ಅದರೊಳಗೆ ಕನ್ನಡ ವಿಭಾಗ ಎಂದು ಒಂದೊಂದೇ ಮೆಟ್ಟಿಲಿಳಿದು ಪಟ್ಟಿ ನೋಡುವುದು ವಾಸಿ. ನಿಧಾನ, ಆದರೆ ತಪ್ಪಿಹೋಗುವುದು ಕಡಿಮೆ.

ಪ್ರಬಂಧ ಒಂದೇ ಕಡತವಾಗಿ ಸಿಗುವುದಿಲ್ಲ. ಮುಖಪುಟ, ಪ್ರಮಾಣಪತ್ರ, ಅಧ್ಯಾಯ ಎಂದು ಸಂಖ್ಯೆ ಹಾಕಿದ ಪಿಡಿಎಫ್ ತುಂಡುಗಳಾಗಿರುತ್ತದೆ. ಮೊದಲು 80 ಎಂಬ ಸಂಖ್ಯೆಯಿಂದ ಶುರುವಾಗುವ ಕಡತ ಇದೆಯೇ ನೋಡಿ. ಮುಖಪುಟದ ಜೊತೆ ಕೊನೆಯ ಅಧ್ಯಾಯ ಅದರಲ್ಲೇ ಇರುತ್ತದೆ. ಉಳಿದದ್ದನ್ನು ಇಳಿಸಿಕೊಳ್ಳಬೇಕೋ ಬೇಡವೋ ಎಂಬುದು ಹತ್ತು ನಿಮಿಷದಲ್ಲಿ ತೀರ್ಮಾನವಾಗುತ್ತದೆ.

ಹಳೆಯ ಪ್ರಬಂಧಗಳು ಸ್ಕ್ಯಾನ್ ಮಾಡಿದ ಚಿತ್ರಗಳು, ಒಳಗೆ ಪದ ಹುಡುಕಲಾಗದು. 'ನುಡಿ', 'ಬರಹ' ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪಾದವು ಇನ್ನೊಂದು ಬಗೆಯ ಮೋಸ. ಪರದೆಯ ಮೇಲೆ ಮುದ್ದಾದ ಕನ್ನಡ, ನಕಲು ಮಾಡಿ ಅಂಟಿಸಿದರೆ ಅರ್ಥವಿಲ್ಲದ ರೋಮನ್ ಚಿಹ್ನೆಗಳು. ಅದನ್ನು ಯೂನಿಕೋಡ್‌ಗೆ, ಅಂದರೆ ಎಲ್ಲ ಗಣಕಗಳೂ ಗುರುತಿಸುವ ಅಕ್ಷರ ಸಂಕೇತಕ್ಕೆ, ಬದಲಿಸುವ ಪರಿವರ್ತಕಕ್ಕೆ ಹಾಕಿದರೆ ಬಹುಪಾಲು ಸರಿಯಾಗುತ್ತದೆ. ಅರ್ಕಾವತ್ತು ಮತ್ತು ಒತ್ತಕ್ಷರಗಳನ್ನು ಮಾತ್ರ ಮೂಲದ ಪಕ್ಕದಲ್ಲಿಟ್ಟು ತಿದ್ದಲೇಬೇಕು. ಇದರ ತಪ್ಪು ಭಂಡಾರದ್ದಲ್ಲ. ಕಡತ ಬರುವುದು ವಿಶ್ವವಿದ್ಯಾಲಯಗಳಿಂದ. ಅಲ್ಲಿನ ಗ್ರಂಥಪಾಲಕರು ಯೂನಿಕೋಡ್ ಪ್ರತಿಯನ್ನೇ ಕೇಳಿ ಪಡೆದರೆ, ಶೀರ್ಷಿಕೆಯನ್ನು ಕನ್ನಡ ಲಿಪಿಯಲ್ಲೂ ನಮೂದಿಸಿದರೆ ಅರ್ಧ ಸಮಸ್ಯೆ ಬಾಗಿಲಲ್ಲೇ ನಿಲ್ಲುತ್ತದೆ.

ಉಲ್ಲೇಖ ಕೊಡುವಾಗ ಒಂದು ಎಚ್ಚರ. ಪಟ್ಟಿಯಲ್ಲಿ ಎದ್ದು ಕಾಣುವ ದಿನಾಂಕ ಅಪ್‌ಲೋಡ್ ಆದದ್ದು, ಪದವಿ ಸಿಕ್ಕಿದ್ದಲ್ಲ. 1990ರ ದಶಕದ ಪ್ರಬಂಧವೂ 2015ರದೆಂಬಂತೆ ತೋರಬಹುದು. ಇಸವಿಯನ್ನು ಮುಖಪುಟದಿಂದಲೇ ತೆಗೆದುಕೊಳ್ಳಿ. ಕೊಂಡಿಗೆ ಬ್ರೌಸರಿನ ಉದ್ದ ವಿಳಾಸ ಬೇಡ. 10603ರಿಂದ ಶುರುವಾಗುವ ಹ್ಯಾಂಡಲ್ ಸಂಖ್ಯೆ ಸಾಕು, ಸರ್ವರ್ ಬದಲಾದರೂ ಅದು ಬದಲಾಗದಿರಲೆಂದೇ ಕೊಟ್ಟದ್ದು.